ಲೊರೆಶೋದ ಲೀಗು ಮೇಷ್ಟ್ರು

ಮೇಷ್ಟ್ರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವರು ಅವರ ಹೆಂಡತಿಯೇ. ಮೈಸೂರಿನಿಂದ ಫೋನು ಮಾಡಿ, ನನ್ನ ಮೊಣಕಾಲು ಹೇಗಿದೆ, ನೈರೋಬಿಯಲ್ಲಿ ಮಳೆ ಹಿಡಿಯಿತೇ, ಸುಕುಮಾ ಸೊಪ್ಪು ಈಗಲೂ ಅಷ್ಟು ಚೆನ್ನಾಗಿ ಸಿಗುತ್ತದೆಯೇ ಎಂದೆಲ್ಲ ವಿಚಾರಿಸಿದ ಮೇಲೆ, "ಹೋದ ವಾರ ನಮ್ಮನೆಯವ್ರು ಹೋಗ್ಬಿಟ್ರು ಕಣ್ರೀ" ಎಂದರು. ಆಸ್ಪತ್ರೆಯಲ್ಲಿ ಕೊನೆಯ ಎರಡು ದಿನ ಅವರು ನರ್ಸಮ್ಮನಿಗೆ ಅಮೆರಿಕದ ಯಾವುದೋ ಆಟದ ಲೀಗುಗಳ ಜಗಳ ವಿವರಿಸುತ್ತಿದ್ದರಂತೆ. ಆಕೆ ಗಾಬರಿಯಾಗಿ, ಯಜಮಾನರಿಗೆ ಭ್ರಮೆ ಶುರುವಾಗಿದೆ ಎಂದು ಡಾಕ್ಟರನ್ನು ಕರೆಯಲು ಹೊರಟಳಂತೆ. "ನಾನು ಹೇಳ್ದೆ, ಭ್ರಮೆ ಅಲ್ಲಮ್ಮ, ಆರೋಗ್ಯವಾಗಿದ್ದಾಗ್ಲೂ ಇವ್ರು ಮಾತಾಡ್ತಿದ್ದಿದ್ದು ಇದನ್ನೇ ಅಂತ."

ನಾನು ಫೋನು ಹಿಡಿದುಕೊಂಡೇ ನಕ್ಕುಬಿಟ್ಟೆ. ಸಾವಿನ ಸುದ್ದಿ ಕೇಳಿ ನಕ್ಕೆನಲ್ಲ ಎಂದು ನಾಚಿಕೆಯಾಯಿತು. ಆ ಕಡೆಯಿಂದ ಅವರೂ ನಗುವುದು ಕೇಳಿಸಿದ ಮೇಲೆ ಅಳು ಬಂತು.

ನಾನೂ ಮೇಷ್ಟ್ರೂ ಎಂಬತ್ತರ ದಶಕದಲ್ಲಿ ನೈರೋಬಿಯ ಒಂದು ಖಾಸಗಿ ಶಾಲೆಯಲ್ಲಿ ಜೊತೆಗೆ ಕೆಲಸ ಮಾಡಿದವರು. ನಾನು ಕೆಮಿಸ್ಟ್ರಿ, ಅವರು ಹಿಸ್ಟರಿ. ಸ್ಟಾಫ್ ರೂಮಿನಲ್ಲಿ ಕನ್ನಡದವರು ನಾವಿಬ್ಬರೇ ಆದ್ದರಿಂದ ಅವರ ಮಾತು ಕೇಳಿಸಿಕೊಳ್ಳುವ ಹೊಣೆ ತಾನಾಗಿ ನನ್ನ ತಲೆಗೆ ಬಿತ್ತು. ಕನ್ನಡದವರೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಶಾಲೆಯ ಗೇಟು ಕಾಯುವವನಿಂದ ತರಕಾರಿ ಮಾರುವವಳವರೆಗೆ ಉಳಿದವರೆಲ್ಲ ಮ್ವಾಲಿಮು ಎನ್ನುತ್ತಿದ್ದರು. ಎರಡರ ಅರ್ಥವೂ ಒಂದೇ. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ, ಆದ್ದರಿಂದ ಇಲ್ಲೂ ಹೆಸರು ಬರೆಯುವುದಿಲ್ಲ.

ಆಳು ಗಿಡ್ಡ. ಮೊಣಕೈಗೆ ಚರ್ಮದ ತೇಪೆ ಹಾಕಿದ ಕಂದು ಸ್ವೆಟರು, ಫೆಬ್ರವರಿಯ ಸುಡುಬಿಸಿಲಿನಲ್ಲೂ ಮೈಮೇಲೆ ಇದ್ದೇ ಇರುತ್ತಿತ್ತು. ಕೂರುವ ಮೊದಲು ಕರ್ಚೀಫಿನಿಂದ ಕುರ್ಚಿಗೆ ಎರಡೇಟು ಹಾಕುತ್ತಿದ್ದರು. ಮುಖ್ಯವಾದ ಸಂಗತಿ ಹೇಳುವಾಗ ಬಲಗೈಯ ಎರಡು ಬೆರಳು ಎತ್ತಿ, ಮಾತು ಮುಗಿಯುವಾಗ ಒಂದನ್ನು ಮಡಿಸುತ್ತಿದ್ದರು. ಬಹಳ ದುಃಖದ ಸಂಗತಿಯಾದರೆ ಎರಡನ್ನೂ ಮಡಿಸುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರು ಇದನ್ನು ನೋಡಿ ಅವರಿಗೆ ಬೆರಳಿನಲ್ಲಿ ಏನೋ ನೋವಿರಬೇಕು ಎಂದುಕೊಳ್ಳುತ್ತಿದ್ದರು.

ಈ ಲೀಗಿನ ಹುಚ್ಚು ಅವರಿಗೆ ಹಿಡಿದದ್ದು ಒಂದು ಫ್ರಿಜ್ಜಿನಿಂದ. ಕೆಲಸದ ಅವಧಿ ಮುಗಿಸಿ ದೇಶಕ್ಕೆ ಹೊರಡುವ ಬಿಳಿಯರು ಮನೆಯ ಸಾಮಾನನ್ನೆಲ್ಲ ಅಂಗಳದಲ್ಲಿ ಹರಡಿ ಮಾರಿಬಿಡುವುದು ಇಲ್ಲಿಯ ಪದ್ಧತಿ. ಇಂಥ ಮನೆಯ ಸುಳಿವು ಸಿಕ್ಕರೆ ಸಾಕು, ನಮ್ಮವರು ಬೆಳಿಗ್ಗೆಯೇ ಹೋಗಿ ಗೇಟಿನ ಮುಂದೆ ನಿಲ್ಲುತ್ತಿದ್ದರು. ನಮ್ಮ ಮನೆಯ ಮಂಚ ಒಬ್ಬ ಸ್ವೀಡನ್ನಿನವನದು, ಇಸ್ತ್ರಿಪೆಟ್ಟಿಗೆ ಒಬ್ಬ ಡೆನ್ಮಾರ್ಕಿನವನದು. ಮೇಷ್ಟ್ರ ಮನೆಯ ಫ್ರಿಜ್ಜು ಕೆಟ್ಟಿದ್ದ ಒಂದು ಶನಿವಾರ, ರುಂಡಾ ಬಡಾವಣೆಯಲ್ಲಿ ಅಮೆರಿಕನ್ ಒಬ್ಬ ಮನೆ ಖಾಲಿ ಮಾಡುತ್ತಿದ್ದಾನೆಂದು ತಿಳಿದು ಹೆಂಡತಿ ಅವರನ್ನು ಅಟ್ಟಿದರು. ಇವರು ಮುಟ್ಟುವ ಹೊತ್ತಿಗೆ ಫ್ರಿಜ್ಜು ಬೇರೆ ಯಾರದೋ ಪಿಕಪ್ಪಿನಲ್ಲಿ ಏರಿ ಕೂತಿತ್ತು. ಬರಿಗೈಯಲ್ಲಿ ಮನೆಗೆ ಹೋಗುವ ಧೈರ್ಯ ಸಾಲದೆ ಒಂದು ತಗಡಿನ ಟ್ರಂಕನ್ನು ಹೊರಿಸಿಕೊಂಡು ಬಂದರು. ಅದರ ತುಂಬ ಆ ಅಮೆರಿಕನ್ನನ ತಾತ ಕೂಡಿಟ್ಟ ಹಳೆಯ ಕ್ರೀಡಾಪತ್ರಿಕೆಗಳು, ರಟ್ಟು ಕಿತ್ತುಹೋದ ಒಂದೆರಡು ದಪ್ಪ ಪುಸ್ತಕಗಳು.

"ಫ್ರಿಜ್ಜೆಲ್ಲಿ?" ಎಂದು ಹೆಂಡತಿ ಕೇಳಿದರಂತೆ.

"ಇದ್ರಲ್ಲಿ ಓದೋಕೆ ಬಹಳ ಇದೆ ಕಣೆ" ಎಂದರಂತೆ ಮೇಷ್ಟ್ರು.

ಮುಂದಿನ ನಾಲ್ಕು ತಿಂಗಳು ಆ ಮನೆಯಲ್ಲಿ ಹಾಲಿನ ಪಾತ್ರೆಯನ್ನು ನೀರಿನ ಬೋಗುಣಿಯಲ್ಲಿಟ್ಟು ಕಾಪಾಡಿದರು.

ಟ್ರಂಕಿನಲ್ಲಿದ್ದದ್ದು ಅಮೆರಿಕನ್ ಫುಟ್‌ಬಾಲಿನ ಬಾಲ್ಯ. ನಾವು ಕಾಲಿನಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಎರಡು ತುದಿ ಚೂಪಾದ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಒಬ್ಬ ಓಡುತ್ತಾನೆ, ಸಿಕ್ಕಷ್ಟು ಜನ ಅವನ ಮೇಲೆ ಬೀಳುತ್ತಾರೆ, ಆ ಆಟ. ಇಪ್ಪತ್ತರ ದಶಕದಲ್ಲಿ ಅದನ್ನು ಸಂಬಳಕ್ಕೆ ಆಡುವವರದೊಂದು ಲೀಗು ಇತ್ತು. ಕಾಲೇಜಿನಲ್ಲಿ ಭಾರಿ ಹೆಸರು ಮಾಡಿದ ಕೆಂಪುಕೂದಲಿನ ಆಟಗಾರನೊಬ್ಬ ಅಲ್ಲಿಗೆ ಬಂದ. ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದವನು ಸಿನಿಮಾ ಥಿಯೇಟರ್ ನಡೆಸುತ್ತಿದ್ದ ಆಸಾಮಿ. ನಮಗೆ ನ್ಯೂಯಾರ್ಕಿನಲ್ಲಿ ಸ್ವಂತ ತಂಡ ಬೇಕು ಎಂದು ಅವನು ಕೇಳಿದ. ಅಲ್ಲಿ ಆಗಲೇ ಒಂದು ತಂಡವಿದೆ, ಆಗುವುದಿಲ್ಲ ಎಂದರು. ಹಾಗಾದರೆ ನಾವೇ ಇನ್ನೊಂದು ಲೀಗು ಮಾಡುತ್ತೇವೆ ಎಂದು ಹೊರಟ. ಅದರಲ್ಲಿ ಒಂದು ತಂಡಕ್ಕೆ ಹೆಸರು ಲಾಸ್ ಏಂಜಲೀಸಿನದು, ಲೀಗಿನ ಪಂದ್ಯ ಆಡಿದ್ದೆಲ್ಲ ಬೇರೆ ಊರುಗಳಲ್ಲಿ. ಆ ವರ್ಷ ಮಳೆಯೋ ಮಳೆ. ತಂಡಗಳು ಒಂದೊಂದಾಗಿ ಬಾಗಿಲು ಹಾಕಿ, ಒಂದೇ ವರ್ಷಕ್ಕೆ ಲೀಗಿನ ಕತೆ ಮುಗಿಯಿತು. ಹತ್ತು ವರ್ಷ ಬಿಟ್ಟು ಬೇರೆ ಯಾರೋ ಅದೇ ಹೆಸರಿನಲ್ಲಿ ಎರಡನೆಯದನ್ನು ಕಟ್ಟಿದರು, ಅದು ಎರಡು ವರ್ಷ ಬದುಕಿತು. ಆಮೇಲೆ ಮತ್ಯಾರೋ ಅದೇ ಹೆಸರಿನಲ್ಲಿ ಮೂರನೆಯದನ್ನು ಕಟ್ಟಿದರು. ಅದಕ್ಕೂ ಎರಡೇ ವರ್ಷ.

"ಎರಡು ಸಲ ಸತ್ತಿರೋ ಹೆಸರನ್ನ ಮೂರನೇ ಸಲ ಇಡೋಕೆ ಎಂಥ ಎದೆಗಾರಿಕೆ ಬೇಕು ಹೇಳು ನೋಡೋಣ" ಎಂದು ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುತ್ತಿದ್ದರು. ನಾನು ಕೈಯಲ್ಲಿ ಆಸಿಡ್ ಬಾಟಲಿ ಹಿಡಿದುಕೊಂಡಿದ್ದರೂ ಅವರಿಗೆ ಲೆಕ್ಕವಿರಲಿಲ್ಲ.

ವಿಚಿತ್ರವೆಂದರೆ ಅವರಿಗೆ ಆಟದ ಬಗ್ಗೆ ಎಳ್ಳಷ್ಟೂ ಆಸಕ್ತಿ ಇರಲಿಲ್ಲ. ಶಾಲೆಗೆ ಮಕ್ಕಳನ್ನು ಕಳಿಸುತ್ತಿದ್ದ ಅಮೆರಿಕನ್ ತಂದೆಯೊಬ್ಬ ಇವರ ಕೈಗೆ ಸಿಕ್ಕಿಬಿದ್ದಿದ್ದ. ಮಗನ ಮಾರ್ಕ್ಸು ಕೇಳಲು ಬಂದವನನ್ನು ಮುಕ್ಕಾಲು ಗಂಟೆ ಕೂರಿಸಿಕೊಂಡು, ನಿಮ್ಮ ತಾತ ಹಳೆಯ ಲೀಗಿನ ಕಡೆಯೋ ಹೊಸ ಲೀಗಿನ ಕಡೆಯೋ ಎಂದು ವಿಚಾರಿಸಿದರು. ಅವನು, ನಮ್ಮ ತಾತ ಕೋಳಿ ಸಾಕುತ್ತಿದ್ದರು ಎಂದ. ಪಾಪ, ಒಳ್ಳೆಯ ಮನುಷ್ಯ, ಮುಂದಿನ ಸಲ ಊರಿಗೆ ಹೋದಾಗ ಒಂದು ಪಂದ್ಯದ ವಿಡಿಯೊ ಕ್ಯಾಸೆಟ್ ತಂದುಕೊಟ್ಟ. ವಿಸಿಆರ್ ಇದ್ದದ್ದು ಕಿಲೆಲೆಶ್ವಾದ ನಮ್ಮ ಮನೆಯಲ್ಲಿ, ಹಾಗಾಗಿ ಮೇಷ್ಟ್ರು ಕ್ಯಾಸೆಟ್ ಸಮೇತ ಬಂದರು. ನನ್ನ ಗಂಡ ಅವರಿಗೋಸ್ಕರ ಸೋಫಾ ಎಳೆದು ಹಾಕಿದರು. ಹತ್ತು ನಿಮಿಷ ನೋಡಿ, "ನಿಲ್ಲಿಸಪ್ಪಾ, ಇದ್ರಲ್ಲಿ ಬರೀ ಆಟಾನೇ ಇದೆ" ಎಂದು ಎದ್ದುಬಿಟ್ಟರು.

ಅವರಿಗೆ ಬೇಕಾಗಿದ್ದದ್ದು ಒಡೆಯುವ ಕತೆ. ಜನ ಯಾಕೆ ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆ ಹೋಗಿ ಅದೇ ಹೆಸರಿನ ಬೋರ್ಡು ಹಾಕಿಕೊಂಡು ಕೂರುತ್ತಾರೆ ಎನ್ನುವುದು ಅವರ ಪ್ರಶ್ನೆ. ಒಂದು ಸಲ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಮೊದಲನೆಯ ಮಹಾಯುದ್ಧಕ್ಕೆ ಕಾರಣಗಳೇನು ಎಂಬ ಪ್ರಶ್ನೆಗೆ ಹನ್ನೊಂದು ಮಕ್ಕಳು, ನ್ಯೂಯಾರ್ಕಿನಲ್ಲಿ ತಂಡ ಕೊಡದೆ ಇದ್ದದ್ದು ಎಂದು ಬರೆದಿದ್ದರು. ಹೆಡ್‌ಮಿಸ್ಟ್ರೆಸ್ ಗಂಭೀರ ಹೆಂಗಸು, ಕಿಕುಯು ಬುಡಕಟ್ಟಿನ ಪಾದ್ರಿಯೊಬ್ಬರ ಮಗಳು. ಇವರನ್ನು ಕರೆಸಿ, ಮ್ವಾಲಿಮು, ಇದೇನು ಎಂದು ಕೇಳಿದರು. ಮೇಷ್ಟ್ರು ಅರ್ಧ ಗಂಟೆ ವಿವರಿಸಿ ಹೊರಗೆ ಬಂದರು. ಹಿಂದೆಯೇ ಹೆಡ್‌ಮಿಸ್ಟ್ರೆಸ್ ಬಂದು, ನಮ್ಮ ಚರ್ಚು ಒಡೆದದ್ದೂ ಹೀಗೆಯೇ ಎಂದು ನನಗೆ ಹೇಳಿ ಹೋದರು. ಮಕ್ಕಳಿಗೆ ಅರ್ಧ ಮಾರ್ಕು ಕೊಡಲು ಒಪ್ಪಿಗೆಯಾಗಿತ್ತು.

ಇನ್ನೊಂದು ದಿನ ಬ್ಯಾಗಿಲ್ಲದೆ ಶಾಲೆಗೆ ಬಂದರು. ಬೆಳಿಗ್ಗೆ ಮಟಾಟು ಎಂಬ ಬಾಡಿಗೆ ವ್ಯಾನು ಹತ್ತುವಾಗ ಇಬ್ಬರು ಕಂಡಕ್ಟರುಗಳು ಅವರಿಗಾಗಿ ಕಿತ್ತಾಡಿದ್ದರಂತೆ. ಆಗ ಅದು ದಿನನಿತ್ಯದ ಸಂಗತಿ. ಒಬ್ಬ ತೋಳು ಹಿಡಿದು ತನ್ನ ವ್ಯಾನಿಗೆ ಎಳೆದ, ಇನ್ನೊಬ್ಬ ಬ್ಯಾಗು ಕಿತ್ತುಕೊಂಡು ತನ್ನ ವ್ಯಾನಿನಲ್ಲಿಟ್ಟ, ಎರಡೂ ಹೊರಟುಬಿಟ್ಟವು. ನೂರಿಪ್ಪತ್ತು ಉತ್ತರಪತ್ರಿಕೆಗಳು ಬೇರೆ ದಾರಿಯಲ್ಲಿ ಹೋಗಿದ್ದವು. ನಾನು ಗಾಬರಿಯಾದೆ. ಮೇಷ್ಟ್ರ ಮುಖದಲ್ಲಿ ಮಾತ್ರ ಮದುವೆ ಮನೆಯ ಕಳೆ.

"ಆ ಕಾಲದಲ್ಲಿ ಎರಡೂ ಲೀಗಿಗೆ ಸಹಿ ಹಾಕ್ದೋರು ಇದ್ರು ಕಣಮ್ಮ. ಅವರಿಗೆ ಹೆಂಗಾಗಿರ್ಬೇಕು ಅಂತ ಇವತ್ತು ಗೊತ್ತಾಯ್ತು" ಎಂದರು. ಮಧ್ಯಾಹ್ನ ಕಂಡಕ್ಟರನೇ ಬ್ಯಾಗು ತಂದುಕೊಟ್ಟ. ಇವರು ಅಸಾಂಟೆ ಸಾನಾ, ಬಹಳ ಉಪಕಾರವಾಯಿತು ಎಂದು ಅವನ ಕೈ ಹಿಡಿದು ಕುಲುಕಿ, ಅವನಿಗೂ ಕೆಂಪುಕೂದಲಿನವನ ಕತೆ ಶುರು ಮಾಡಿದರು. ಅವನು ಕೈ ಬಿಡಿಸಿಕೊಂಡು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುತ್ತ ಗೇಟು ದಾಟಿದ.

ಇನ್ನು ಅವರ ಹೆಂಡತಿ. ನಾನು ಅಕ್ಕ ಎಂದು ಕರೆಯುತ್ತಿದ್ದೆ. ನಂಜನಗೂಡಿನವರು. ಮಕ್ಕಳಿರಲಿಲ್ಲ. ಇಂಗ್ಲಿಷು ಬರುತ್ತಿರಲಿಲ್ಲ, ಸ್ವಾಹಿಲಿಯಲ್ಲಿ ತರಕಾರಿಗೆ ಬೇಕಾದಷ್ಟೇ ಮಾತು. ಫೋನು ರಿಂಗಾದರೆ ಯಾರು ಯಾವ ಭಾಷೆಯಲ್ಲಿ ಏನು ಕೇಳಿಬಿಡುತ್ತಾರೋ ಎಂದು ಮುಟ್ಟುತ್ತಲೇ ಇರಲಿಲ್ಲ. ಲೊರೆಶೋದಲ್ಲಿ ಅವರ ಮನೆಯ ಸುತ್ತ ದೊಡ್ಡ ದೊಡ್ಡ ಕಾಂಪೌಂಡು, ಒಳಗೆ ಮನುಷ್ಯರಿದ್ದಾರೆಂದು ನಾಯಿ ಬೊಗಳಿದರೆ ಗೊತ್ತಾಗಬೇಕು. ಅವರು ಬಾಯಿ ತುಂಬ ಮಾತಾಡುತ್ತಿದ್ದದ್ದು ತಿಂಗಳ ಕೊನೆಯ ಭಾನುವಾರ, ಕನ್ನಡ ಸಂಘದ ಊಟದ ದಿನ. ಅವತ್ತು ಬೆಳಿಗ್ಗೆ ಹನ್ನೊಂದಕ್ಕೆ ಶುರು ಮಾಡಿದರೆ ಸಂಜೆ ಕಾರು ಹತ್ತುವಾಗಲೂ ಕಿಟಕಿಯಿಂದ ತಲೆ ಹೊರಗೆ ಹಾಕಿ ಮಾತಾಡುತ್ತಿದ್ದರು. ಉಳಿದ ಇಪ್ಪತ್ತೊಂಬತ್ತು ದಿನ ಮಾತಾಡಲು ಮೇಷ್ಟ್ರೊಬ್ಬರು, ಮೇಷ್ಟ್ರು ಎಂದರೆ ಲೀಗು.

ಆ ಸಂಘ ಒಡೆಯಿತು.

ನೈರೋಬಿಯ ಕನ್ನಡ ಸಂಘ ಒಡೆದದ್ದು ಮೇಷ್ಟ್ರ ಟ್ರಂಕಿನಿಂದ ಎದ್ದು ಬಂದಂತೆ ಇತ್ತು. ನಮ್ಮಲ್ಲಿ ಚೆನ್ನಾಗಿ ಹಾಡುವವರು ಒಬ್ಬರೇ, ರುಂಡಾದಲ್ಲಿದ್ದ ಒಬ್ಬ ಡಾಕ್ಟರ ಹೆಂಡತಿ. ರಾಜ್ಯೋತ್ಸವದ ದಿನ ಹೆಂಡತಿಗೆ ಒಂದು ಗಂಟೆ ಹಾಡಲು ಸಮಯ ಬೇಕು, ಕಮಿಟಿಯಲ್ಲೂ ಜಾಗ ಬೇಕು ಎಂದು ಡಾಕ್ಟರು ಕೇಳಿದರು. ಅಧ್ಯಕ್ಷರು ಕಿಲೆಲೆಶ್ವಾದ ಒಬ್ಬ ಹಿರಿಯ ಇಂಜಿನಿಯರು, ಸಂಘವನ್ನು ಕಟ್ಟಿ ಬೆಳೆಸಿದವರು. ಎಲ್ಲರಿಗೂ ಎಂಟು ನಿಮಿಷ, ಅವರಿಗೂ ಎಂಟು ನಿಮಿಷ ಎಂದರು. ಮುಂದಿನ ತಿಂಗಳು ರುಂಡಾದ ಡಾಕ್ಟರ ತೋಟದಲ್ಲಿ ಇನ್ನೊಂದು ಕನ್ನಡ ಸಂಘ ಹುಟ್ಟಿತು. ಹೆಸರು ಅದೇ, ಲೆಟರ್‌ಹೆಡ್ಡಿನ ಬಣ್ಣವೂ ಅದೇ. ಸುದ್ದಿ ಕೇಳಿದ ದಿನ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಕೂರದೆ ಓಡಾಡಿದರು. ಸಂತೋಷಪಡಬೇಕೋ ದುಃಖಪಡಬೇಕೋ ಅವರಿಗೆ ತಿಳಿದಂತೆ ಕಾಣಲಿಲ್ಲ.

ಆಸ್ತಿ ಹಂಚಿಕೆ ಇನ್ನೂ ಚೆನ್ನಾಗಿತ್ತು. ಅಡುಗೆಯ ದೊಡ್ಡ ಕೊಳಗಗಳು ಕಿಲೆಲೆಶ್ವಾಕ್ಕೆ ಹೋದವು, ಅವುಗಳ ಮುಚ್ಚಳಗಳು ರುಂಡಾಕ್ಕೆ. ಯಾರೂ ಇದನ್ನು ತಮಾಷೆಗೆ ಮಾಡಲಿಲ್ಲ, ಒಟ್ಟು ಹನ್ನೆರಡು ಸಾಮಾನು, ತಲಾ ಆರು ಎಂದು ಕಮಿಟಿಯವರು ನ್ಯಾಯವಾಗಿಯೇ ಹಂಚಿದ್ದರು. ಕಿಲೆಲೆಶ್ವಾದವರು ಒಂದು ವರ್ಷ ಸಾರಿನ ಮೇಲೆ ಕಾಫಿ ಟ್ರೇ ಮುಚ್ಚಿದರು. ರುಂಡಾದವರು ಮುಚ್ಚಳದಲ್ಲಿ ಚಪಾತಿ ಇಟ್ಟು ಬಡಿಸಿದರು. ಇದ್ದ ಒಂದೇ ಒಂದು ಜಮಖಾನವನ್ನು ನಡುವೆ ಕತ್ತರಿಸುವುದೆಂದು ತೀರ್ಮಾನವಾಗಿ ಕತ್ತರಿಯೂ ಬಂದಾಗ ಮೇಷ್ಟ್ರು ಹೋಗಿ ಅದರ ಮಧ್ಯೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ವಯಸ್ಸಾದವರನ್ನು ಎತ್ತಿ ಪಕ್ಕಕ್ಕಿಡಲು ಯಾರಿಗೂ ಮನಸ್ಸಾಗಲಿಲ್ಲ. ಕೊನೆಗೆ ಜಮಖಾನವನ್ನು ಅವರಿಗೇ ಬಿಟ್ಟು ಹೋದರು.

ನಿಜವಾದ ತೊಂದರೆ ಆಮೇಲೆ ಶುರುವಾಯಿತು. ಎರಡೂ ಸಂಘದವರು ತಮಗೆ ಬೇಕಾದವರಿಗೆ ಮಾತ್ರ ಫೋನು ಮಾಡುತ್ತಿದ್ದರು. ಉಳಿದವರನ್ನು, ಅವರು ಆ ಕಡೆ ಇರಬೇಕು ಎಂದು ಬಿಟ್ಟುಬಿಡುತ್ತಿದ್ದರು. ಕರೆಯದೆ ಹೋಗುವ ಅಭ್ಯಾಸ ನಮ್ಮವರಿಗಿಲ್ಲ. ಹೀಗೆ ಒಂದು ಡಜನ್ ಮನೆಗಳು ಎಲ್ಲಿಯೂ ಸಲ್ಲದೆ ಉಳಿದವು, ಅದರಲ್ಲಿ ಮೇಷ್ಟ್ರದೂ ಒಂದು. ಏಳು ತಿಂಗಳು ಅಕ್ಕ ಯಾವ ಊಟಕ್ಕೂ ಹೋಗಲಿಲ್ಲ. ಒಂದು ದಿನ ಮೇಷ್ಟ್ರು ನನ್ನ ಲ್ಯಾಬಿಗೆ ಬಂದು, ಸ್ಟೂಲಿಗೆ ಕರ್ಚೀಫಿನ ಏಟನ್ನೂ ಹಾಕದೆ ಕೂತರು.

"ಇವಳು ಮಾತು ಕಡಿಮೆ ಮಾಡ್ಬಿಟ್ಟಿದಾಳೆ ಕಣಮ್ಮ" ಎಂದರು. "ನಿನ್ನೆ ಇಡೀ ದಿನಕ್ಕೆ ನಾಲ್ಕು ಮಾತು. ನಾನು ಎಣಿಸ್ದೆ. ಅದ್ರಲ್ಲಿ ಎರಡು ಹಾಲಿನವನ ಹತ್ರ."

"ಅಕ್ಕನ್ನ ನಮ್ಮನೆಗೆ ಕರ್ಕೊಂಡ್ ಬನ್ನಿ ಮೇಷ್ಟ್ರೇ."

"ಬರ್ತಾಳೆ. ಬಂದು ನಿನ್ ಒಬ್ಬಳ ಹತ್ರ ಮಾತಾಡ್ತಾಳೆ. ಅವಳಿಗೆ ಜನ ಬೇಕು. ಹತ್ತು ಜನ ಒಟ್ಟಿಗೆ ಮಾತಾಡೋ ಕಡೆ ಅವಳನ್ನ ಕೂರಿಸ್ಬೇಕು."

ಇದಕ್ಕೆ ಅವರು ಪರಿಹಾರ ಹುಡುಕಿದ್ದೂ ಟ್ರಂಕಿನಲ್ಲೇ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ನಾಲ್ಕನೆಯ ಎದುರಾಳಿ ಲೀಗೊಂದು ಬಂದು, ಹಳೆಯ ಲೀಗಿನ ಜೊತೆ ನಾಲ್ಕು ವರ್ಷ ಜಿದ್ದಿಗೆ ಬಿದ್ದು, ಕೊನೆಗೆ ರಾಜಿಯಾಯಿತು. ಮೂರು ತಂಡಗಳನ್ನು ಹಳೆಯ ಲೀಗಿನವರು ಸೇರಿಸಿಕೊಂಡರು. ಉಳಿದ ತಂಡಗಳ ಆಟಗಾರರ ಪಟ್ಟಿ ಮಾಡಿ, ಸರದಿಯ ಮೇಲೆ ಒಬ್ಬೊಬ್ಬರನ್ನೇ ಆರಿಸಿ ಹಂಚಿಕೊಂಡರು. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಕನ್ನಡದ ಮನೆಗಳನ್ನೂ ಹೀಗೆಯೇ ಹಂಚಿಬಿಟ್ಟರೆ ಯಾರ ಮನೆ ಯಾರ ಪಾಲು ಎಂದು ಸ್ಪಷ್ಟವಾಗುತ್ತದೆ, ಪ್ರತಿಯೊಂದು ಮನೆಗೂ ಯಾರದಾದರೂ ಫೋನು ಬಂದೇ ಬರುತ್ತದೆ ಎನ್ನುವುದು ಅವರ ಲೆಕ್ಕ. ಆಕ್ಷೇಪಿಸಲು ನನಗೆ ಏನೂ ತೋಚಲಿಲ್ಲ. ಇಬ್ಬರು ಅಧ್ಯಕ್ಷರೂ ಒಪ್ಪಿದರು, ಎದುರಾಳಿಯ ಕೈಗೆ ಒಳ್ಳೊಳ್ಳೆಯ ಮನೆಗಳು ಸಿಗಬಾರದಲ್ಲ.

ಒಂದು ಶನಿವಾರ ಮಧ್ಯಾಹ್ನ ಲೊರೆಶೋದ ಮನೆಯಲ್ಲಿ ಡ್ರಾಫ್ಟ್ ನಡೆಯಿತು. ಶಾಲೆಯಿಂದ ಒಂದು ಕರಿಹಲಗೆ ತಂದು ಗೋಡೆಗೆ ಒರಗಿಸಿದ್ದರು. ಅದರ ಮೇಲೆ ಮೂವತ್ತೊಂಬತ್ತು ಮನೆಗಳ ಹೆಸರು, ಮೇಷ್ಟ್ರ ದುಂಡು ಅಕ್ಷರದಲ್ಲಿ. ತಮ್ಮ ಹೆಸರನ್ನು ಸಂಕೋಚದಿಂದ ಎಲ್ಲಕ್ಕಿಂತ ಕೆಳಗೆ ಬರೆದಿದ್ದರು. ಕರೆದ ಹೆಸರನ್ನು ಅಳಿಸುವುದು, ಯಾರ ಪಾಲಿಗೆ ಎಂದು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಅಧ್ಯಕ್ಷರು ಸೂಟಿನಲ್ಲಿ ಬಂದಿದ್ದರು, ಡಾಕ್ಟರು ಒಂದು ಫೈಲು ತಂದಿದ್ದರು. ಅಕ್ಕ ಅಡುಗೆಮನೆಯಲ್ಲಿ ಚಕ್ಕುಲಿ ಕರಿಯುತ್ತಿದ್ದರು, ಏಳು ತಿಂಗಳ ಮೇಲೆ ಮನೆಗೆ ಜನ ಬಂದಿದ್ದಾರೆಂದು ಅವರಿಗೆ ಹಬ್ಬ.

ಮೊದಲು ಹೋದವರು ಮಂಗಳೂರಿನ ಹಲ್ಲಿನ ಡಾಕ್ಟರು. ಮನೆಯಲ್ಲಿ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು, ಆದರೆ ಊರಿಗೆಲ್ಲ ತಬಲಾ ನುಡಿಸುವವರು ಅವರೊಬ್ಬರೇ. ಟಾಸಿನಲ್ಲಿ ಮೊದಲ ಸರದಿ ಗೆದ್ದು ಅವರನ್ನು ಆರಿಸಿಕೊಂಡ ರುಂಡಾದ ಡಾಕ್ಟರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತರು. ಮುಂದಿನ ತಿಂಗಳೇ ಆ ತಬಲಾದವರಿಗೆ ಲುಸಾಕಾದಲ್ಲಿ ಕೆಲಸ ಸಿಕ್ಕಿ ಹೊರಟುಹೋದದ್ದು ಬೇರೆ ಮಾತು. ಆಮೇಲೆ ಮಿನಿಬಸ್ ಇದ್ದ ಮನೆ, ಹೋಳಿಗೆಯ ಮನೆ, ವಿಡಿಯೊ ಕ್ಯಾಮರಾದ ಮನೆ. ಇಬ್ಬರು ಬ್ರಹ್ಮಚಾರಿಗಳನ್ನು ಕೊಟ್ಟು ಮಕ್ಕಳಿಗೆ ಡ್ಯಾನ್ಸ್ ಕಲಿಸುವ ಒಬ್ಬ ಹೆಂಗಸನ್ನು ಬದಲಾಯಿಸಿಕೊಂಡದ್ದೂ ನಡೆಯಿತು. ಹದಿನೆಂಟನೆಯದಾಗಿ ಕಿಲೆಲೆಶ್ವಾದವರು ನಮ್ಮ ಮನೆಯ ಹೆಸರು ಹೇಳಿದರು. ಅಧ್ಯಕ್ಷರು ನನ್ನ ಕಡೆ ನೋಡಿ ನಕ್ಕು, "ನಿಮ್ ಯಜಮಾನ್ರು ಮೈಕ್ ಸೆಟ್ ಚೆನ್ನಾಗ್ ರಿಪೇರಿ ಮಾಡ್ತಾರಲ್ಲ ಮೇಡಂ" ಎಂದರು. ಎಂ.ಎಸ್ಸಿ.ಯಲ್ಲಿ ರ‍್ಯಾಂಕ್ ಬಂದವಳು ನಾನು. ನನ್ನ ಹೆಸರನ್ನು ನಾನೇ ಒರೆಸುವಾಗ ಡಸ್ಟರನ್ನು ಸ್ವಲ್ಪ ಜೋರಾಗಿಯೇ ಒತ್ತಿದೆ.

ಹಲಗೆಯ ಮೇಲೆ ಮೂವತ್ತೆಂಟು ಹೆಸರು ಹೋಗಿ ಒಂದು ಉಳಿಯಿತು. ರುಂಡಾದವರ ಸರದಿ. ಡಾಕ್ಟರು ಫೈಲಿನೊಳಗೆ ನೋಡಿದರು, ಅಧ್ಯಕ್ಷರು ಟೈ ಸರಿಮಾಡಿಕೊಂಡರು.

"ಮೇಷ್ಟ್ರೇ" ಎಂದರು ಡಾಕ್ಟರು, "ನಿಮ್ಮನ್ನ ಆರಿಸೋಕೆ ನಾನ್ಯಾರು? ನೀವು ಇದಕ್ಕೆಲ್ಲ ಮೇಲಿರೋರು."

"ನಾನೂ ಅದನ್ನೇ ಹೇಳೋಣಾಂತಿದ್ದೆ" ಎಂದರು ಅಧ್ಯಕ್ಷರು. "ನೀವು ಎಲ್ಲರಿಗೂ ಬೇಕಾದೋರು. ನಿಮ್ಮನ್ನ ಒಂದ್ ಕಡೆಗೆ ಎಳ್ಕೊಳೋದು ಶೋಭೆ ಅಲ್ಲ. ನೀವು ನ್ಯೂಟ್ರಲ್ ಆಗೇ ಇರಿ."

ಏಳು ತಿಂಗಳಲ್ಲಿ ಆ ಇಬ್ಬರು ಒಂದೇ ಅಭಿಪ್ರಾಯಕ್ಕೆ ಬಂದದ್ದು ಅದೇ ಮೊದಲು. ಮೇಷ್ಟ್ರು ಏನೋ ಹೇಳಲು ಎರಡು ಬೆರಳು ಎತ್ತಿದರು. ಯಾವುದನ್ನು ಮಡಿಸಬೇಕೆಂದು ತಿಳಿಯದೆ ಹಾಗೆಯೇ ಹಿಡಿದುಕೊಂಡು ನಿಂತರು. ಅಷ್ಟರಲ್ಲಿ ಅಕ್ಕ ಕಾಫಿ ತಂದರು. ಸೆರಗಿನಿಂದ ಹಣೆಯ ಬೆವರು ಒರೆಸಿಕೊಳ್ಳುತ್ತ ಹಲಗೆಯ ಕಡೆ ನೋಡಿ, "ನಮ್ಮದು ಯಾವ ಕಡೆಗಾಯ್ತು?" ಎಂದು ಕೇಳಿದರು.

"ಎರಡೂ ಕಡೆ ಕಣೆ" ಎಂದರು ಮೇಷ್ಟ್ರು.

"ಹಂಗಾದ್ರೆ ತಿಂಗಳಿಗೆ ಎರಡು ಸಲ" ಎಂದು ಅಕ್ಕ ಚಕ್ಕುಲಿಯ ತಟ್ಟೆಯನ್ನು ಇಬ್ಬರು ಅಧ್ಯಕ್ಷರ ಮುಂದೆಯೂ ಹಿಡಿದರು. ಇಬ್ಬರೂ ಎರಡೆರಡು ತೆಗೆದುಕೊಂಡರು.

ಆ ತಿಂಗಳ ಕೊನೆಯ ಭಾನುವಾರ ಎರಡೂ ಕಡೆ ಊಟವಿತ್ತು. ಕಿಲೆಲೆಶ್ವಾದಲ್ಲಿ ಮೇಷ್ಟ್ರೂ ಅಕ್ಕನೂ ಕಾಣಲಿಲ್ಲ. ರುಂಡಾಕ್ಕೆ ಹೋಗಿರಬೇಕು ಎಂದುಕೊಂಡು ನಾನು ಎರಡನೆಯ ಸಲ ಪಾಯಸ ಹಾಕಿಸಿಕೊಂಡೆ. ರುಂಡಾದವರು, ಕಿಲೆಲೆಶ್ವಾಕ್ಕೆ ಹೋಗಿರಬೇಕು ಎಂದುಕೊಂಡಿದ್ದರು. ಅಕ್ಕ ಮೈಸೂರು ಸಿಲ್ಕ್ ಉಟ್ಟು, ಜೊತೆಗೆ ಒಯ್ಯಲು ಪುಳಿಯೋಗರೆ ಗೊಜ್ಜು ಮಾಡಿಟ್ಟು, ಒಂಬತ್ತು ಗಂಟೆಯಿಂದ ಮೂರರವರೆಗೆ ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದರೆಂದು ಸೋಮವಾರ ಮೇಷ್ಟ್ರ ಬಾಯಿಂದ ತಿಳಿಯಿತು. "ಫೋನ್ ಕೆಟ್ಟಿತ್ತು ಅನ್ಸುತ್ತೆ" ಎಂದರು. ಕರ್ಚೀಫು ಮಡಿಸಿ ಜೇಬಿಗಿಟ್ಟು, "ಮೂರರ ಮೇಲೆ ಪಕ್ಕದ ಮನೆಗೆ ಹೋಗಿ ಅಲ್ಲಿಂದ ನಮ್ಮನೆಗೆ ಮಾಡ್ ನೋಡ್ದೆ. ರಿಂಗ್ ಆಯ್ತು. ಪಾಪ, ಅವಳು ಓಡಿಬಂದು ಎತ್ತಿದ್ಲು" ಎಂದರು.

ನನಗೆ ಮುಖ ಎತ್ತಲಾಗಲಿಲ್ಲ. ನನ್ನ ಮನೆಯಿಂದ ಲೊರೆಶೋಕ್ಕೆ ಕಾರಿನಲ್ಲಿ ಕಾಲು ಗಂಟೆ. ಡ್ರಾಫ್ಟಿನ ದಿನ ಅವರ ಹೆಸರು ಹಲಗೆಯ ಮೇಲೆ ಉಳಿದದ್ದನ್ನು ನೋಡಿದವಳು ನಾನು, ಡಸ್ಟರ್ ಹಿಡಿದಿದ್ದವಳು ನಾನು. ಇಬ್ಬರು ದೊಡ್ಡ ಮನುಷ್ಯರನ್ನು ಬೈದುಕೊಂಡು ಮನೆಗೆ ಬಂದೆನೇ ಹೊರತು ನಾನೂ ಕರೆಯಲಿಲ್ಲ.

ಅವತ್ತು ಸಂಜೆ ಮೇಷ್ಟ್ರು ಹೆಂಡತಿಗೆ, ಯಾವ ಕಡೆಯವರೂ ತಮ್ಮನ್ನು ಆರಿಸಲಿಲ್ಲವೆಂಬ ನಿಜ ಹೇಳಿದರು. ಅಕ್ಕ ಮೂರನೆಯ ದಿನ, "ಅದೇನು ನಿಮ್ಮ ಲೀಗು, ಮೊದ್ಲಿಂದ ಹೇಳಿ" ಎಂದರಂತೆ. ಇಷ್ಟು ವರ್ಷದಲ್ಲಿ ಅವರಾಗಿ ಕೇಳಿದ್ದು ಇದೇ ಮೊದಲು. ಮೇಷ್ಟ್ರು ಮೂರು ಸಂಜೆ ಹೇಳಿದರು. ಆಗಿನ ಉತ್ಸಾಹದಲ್ಲಿ ನನಗೂ ಬಂದು ವರದಿ ಒಪ್ಪಿಸಿದರು.

"ಎಂಥ ಪ್ರಶ್ನೆ ಕೇಳ್ತಾಳೆ ಗೊತ್ತಾ. ಆ ಥಿಯೇಟರ್‌ನವನು ಯಾರನ್ನ ಕೇಳಿ ಶುರು ಮಾಡ್ದ ಅಂದ್ಲು. ಯಾರನ್ನೂ ಕೇಳ್ಲಿಲ್ಲ ಅಂದೆ. ಯಾರನ್ನೂ ಕೇಳ್ದೆ ಮಾಡ್ಬಹುದಾ ಅಂದ್ಲು. ಮಾಡ್ಬಹುದು, ಉಳಿಯೋಲ್ಲ ಅಂದೆ."

ಮೂರು ವಾರ ಕಳೆದು ಒಂದು ಮಧ್ಯಾಹ್ನ ನಮ್ಮ ಮನೆಯ ಫೋನು ರಿಂಗಾಯಿತು. ನನ್ನ ಮಗಳು ಎತ್ತಿ ಇಂಗ್ಲಿಷಿನಲ್ಲಿ ಯಾರೆಂದು ಕೇಳಿದಳು. ಆ ಕಡೆಯ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು, "ಅಮ್ಮನ್ನ ಕರಿ ಪುಟ್ಟಾ." ಫೋನು ಮುಟ್ಟದ ಅಕ್ಕ.

"ನಿಮ್ಮನ್ನ ಮೈಕಿಗೆ ಅಂತ ತಗೊಂಡ್ರಂತಲ್ಲ" ಎಂದರು. "ನಾನು ನಿಮಗೋಸ್ಕರ ತಗೋತಿದೀನಿ. ಈ ಭಾನುವಾರ ನಮ್ಮನೇಲಿ ಊಟ. ಬರ್ಲೇಬೇಕು."

ನಾನು ಹೂಂ ಎಂದೆ.

ಆ ಭಾನುವಾರ ಮಿಕ್ಕ ಎರಡು ಕಡೆಯೂ ಊಟವಿತ್ತು. ಆದರೂ ಲೊರೆಶೋಕ್ಕೆ ಒಂಬತ್ತು ಮನೆಯವರು ಬಂದರು, ಹೆಚ್ಚಿನವರು ಡ್ರಾಫ್ಟಿನಲ್ಲಿ ಕಡೆಗೆ ಉಳಿದಿದ್ದವರು. ಜಮಖಾನದ ಮೇಲೆ ಹೆಂಗಸರೆಲ್ಲ ಒಟ್ಟಿಗೆ ಮಾತಾಡುತ್ತಿದ್ದರು, ಯಾರೂ ಯಾರನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಮೇಷ್ಟ್ರೊಬ್ಬರು ಮಾತ್ರ ಗೇಟಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಗೇಟಿಗೆ ಓಡಾಡುತ್ತಿದ್ದರು. "ಮೂರನೇದು ಕಣಮ್ಮ ಇದು, ಹೇಳಿದ್ರೆ ಕೇಳೋದಿಲ್ಲ" ಎಂದು ನನಗೆ ಹೇಳಿ, ನನ್ನನ್ನೂ ಸಾಕ್ಷಿಗೆ ಎಳೆದುಕೊಂಡು ಒಳಗೆ ಹೋದರು.

"ಏನೇ, ಇನ್ನೂ ಕಾಲ ಮಿಂಚಿಲ್ಲ" ಎಂದರು. "ಇದು ಬರೀ ಒಂದು ಊಟ ಅಂತ ಹೇಳ್ಬಿಡೋಣ. ಚರಿತ್ರೆಯಲ್ಲಿ ಹಿಂಗೆ ಮೂರನೇದು ಮಾಡ್ದೋರು ಎರಡು ವರ್ಷಕ್ಕಿಂತ ಹೆಚ್ಚು ಉಳಿದಿಲ್ಲ."

ಅಕ್ಕ ಒಗ್ಗರಣೆಗೆ ಸಾಸಿವೆ ಹಾಕಿ, ಅದು ಸಿಡಿದು ಮುಗಿಯುವವರೆಗೂ ಕಾದರು.

"ಎರಡು ವರ್ಷ ಅಂದ್ರೆ ಇಪ್ಪತ್ತನಾಲ್ಕು ಊಟ" ಎಂದರು. "ಸಾಲ್ದಾ?"

ಮೇಷ್ಟ್ರು ಕರ್ಚೀಫು ತೆಗೆದು ಕೈ ಒರೆಸಿಕೊಂಡರು. ಆಮೇಲೆ ಹೊಸದಾಗಿ ಶಾಲೆಗೆ ಸೇರಿದ ಮಗುವಿನ ದನಿಯಲ್ಲಿ, "ಸರಿ, ಇದ್ರಲ್ಲಿ ನಂದೇನು?" ಎಂದು ಕೇಳಿದರು.

ಅಕ್ಕ ಸೌಟಿನಿಂದ ಗೋಡೆಯ ಕಡೆ ತೋರಿಸಿದರು. ಅಲ್ಲಿ ಮೊಳೆಗೆ ಒಂದು ನೋಟ್‌ಬುಕ್ಕಿನ ಹಾಳೆ ಸಿಕ್ಕಿಸಿತ್ತು, ಅವರು ಫೋನು ಮಾಡಿದವರ ಪಟ್ಟಿ. ನಾನೂ ಮೇಷ್ಟ್ರ ಭುಜದ ಮೇಲಿಂದ ಬಗ್ಗಿ ಓದಿದೆ. ನನ್ನ ಹೆಸರು ನಾಲ್ಕನೆಯದಾಗಿತ್ತು. ಎಲ್ಲರಿಗಿಂತ ಮೇಲೆ, ಒಂದು ಎಂಬ ಅಂಕಿಯ ಎದುರಿಗೆ, ಗಂಡನ ಹೆಸರು ಬರೆಯಲಾರದೆ ಅಕ್ಕ 'ಇವರು' ಎಂದು ಬರೆದಿದ್ದರು.

ಮೇಷ್ಟ್ರು ಅದನ್ನು ಬಹಳ ಹೊತ್ತು ಓದಿದರು. ಕನ್ನಡಕ ತೆಗೆದು ಸ್ವೆಟರಿನ ತುದಿಯಿಂದ ಒರೆಸಿಕೊಂಡು ಇನ್ನೊಂದು ಸಲ ಓದಿದರು.

"ನಿಂತ್ಕೊಂಡ್ರೆ ಹೆಂಗೆ? ಜನ ಹಸಿದಿದಾರೆ" ಎಂದರು ಅಕ್ಕ. "ಎಲೆ ಹಾಕ್ ಹೋಗಿ."

ಅವರು ಎಲೆ ಹಾಕಿದರು, ನೀರು ಬಡಿಸಿದರು, ಕೊನೆಯ ಪಂಕ್ತಿಯವರೆಗೂ ನಿಂತು ಅನ್ನದ ಬುಟ್ಟಿ ಹಿಡಿದರು. ಅವತ್ತು ಸಂಜೆಯವರೆಗೆ ಯಾರ ಹತ್ತಿರವೂ ಲೀಗಿನ ಮಾತು ಎತ್ತಲಿಲ್ಲ.